ಅಜ್ಜಿ ಕೂರೋದೆಲ್ಲಿ?

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಕೌಂಟರಿನ ಹಿಂದೆ ಕೂತವನು ನಾನು. ಕೌಂಟರ್ ಎಂದರೆ ನನಗೆ ಗೊತ್ತಿದ್ದುದು ಒಂದೇ: ಈ ಕಡೆ ನಾನು, ಆ ಕಡೆ ಗ್ರಾಹಕರು, ನಡುವೆ ಹಣ. ಹಾಗಾಗಿ ಹೋದ ವರ್ಷ ಮಗ ಬಂದು, “ಅಪ್ಪಾ, ಅಡುಗೆಮನೆ ಹೊಸದು ಮಾಡಿಸೋಣ, ನಡುವೆ ಒಂದು ಐಲ್ಯಾಂಡ್ ಕೌಂಟರ್ ಹಾಕಿಸೋಣ” ಎಂದಾಗ, ಇನ್ನು ಮನೆಯಲ್ಲೂ ಟೋಕನ್ ಹಿಡಿದು ಇಡ್ಲಿಗೆ ಕಾಯಬೇಕೇನೋ ಎಂದುಕೊಂಡೆ.

ಮಕ್ಕಳೇ, ಐಲ್ಯಾಂಡ್ ಎಂದರೆ ದ್ವೀಪ ಎಂದು ನಿಮಗೆ ಗೊತ್ತು. ಸುತ್ತಲೂ ನೀರು, ನಡುವೆ ನೆಲ. ಅಡುಗೆಮನೆಯ ದ್ವೀಪಕ್ಕೆ ಸುತ್ತಲೂ ಓಡಾಡುವ ಜಾಗ, ನಡುವೆ ಯಾವ ಗೋಡೆಗೂ ತಾಗದ ಒಂದು ಕಟ್ಟೆ. ಒಂದು ಬದಿಯಲ್ಲಿ ತರಕಾರಿ ಹೆಚ್ಚಬಹುದು, ಇನ್ನೊಂದು ಬದಿಯಲ್ಲಿ ಎತ್ತರದ ಸ್ಟೂಲ್ ಹಾಕಿಕೊಂಡು ತಿಂಡಿ ತಿನ್ನಬಹುದು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. 1986ರಲ್ಲಿ ಸಾಲ ಮಾಡಿ ಕಟ್ಟಿಸಿದ್ದು. ಮನೆಯಲ್ಲಿ ನಾವು ಆರು ಜನ: ನಾನು, ನಮ್ಮಾಕೆ, ಮಗ, ಸೊಸೆ, ಆರನೇ ತರಗತಿಯ ಮೊಮ್ಮಗಳು, ಯುಕೆಜಿಯ ಮೊಮ್ಮಗ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯನ್ನು ಇಂಜಿನಿಯರ್ ಬಂದು ನೋಡಿ, ತೆಗೆಯಬಹುದು ಎಂದರು. ಡಿಸೈನರ್ ಒಬ್ಬರು ಚೆಂದದ ಬಣ್ಣದ ಚಿತ್ರ ಕಳಿಸಿದರು. ಎಂಟಡಿ ಉದ್ದ, ಮೂರಡಿ ಅಗಲದ ಕಪ್ಪು ಗ್ರಾನೈಟಿನ ದ್ವೀಪ, ಅದರ ಮುಂದೆ ನಾಲ್ಕು ಎತ್ತರದ ಸ್ಟೂಲು. ನಮ್ಮ ಹಳೆಯ ತೇಗದ ಊಟದ ಮೇಜು ಚಿತ್ರದಲ್ಲಿ ಇರಲಿಲ್ಲ. ಅದನ್ನು ಮಾರಿಬಿಡುವುದೆಂದು ಆಗಲೇ ತೀರ್ಮಾನವಾಗಿತ್ತು.

ಚಿತ್ರದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಎಣಿಸದೆ ನೋಟಿನ ಕಟ್ಟು ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಮೊಮ್ಮಗಳನ್ನು ಕರೆದುಕೊಂಡು, ಟೇಪು ಮತ್ತು ಸೀಮೆಸುಣ್ಣ ಹಿಡಿದು ತಾರಸಿಗೆ ಹೋದೆ. ಹೊಸ ಅಡುಗೆಮನೆ ಎಷ್ಟಿರುತ್ತದೋ ಅಷ್ಟನ್ನೇ ನೆಲದ ಮೇಲೆ ಬರೆದೆವು. ಇಪ್ಪತ್ತಡಿ ಉದ್ದ, ಹನ್ನೊಂದಡಿ ಅಗಲ.

ಅಗಲದ ಲೆಕ್ಕ ಮೊದಲು. ಹನ್ನೊಂದಡಿ ಎಂದರೆ 132 ಇಂಚು. ಗೋಡೆ ಪಕ್ಕದ ಒಲೆಯ ಕಟ್ಟೆಗೆ 24. ಒಲೆಯ ಮುಂದೆ ಅಡುಗೆ ಮಾಡುವವರಿಗೆ 42. ದ್ವೀಪಕ್ಕೆ 36. ಕೂಡಿಸಿದರೆ 102. ಉಳಿದದ್ದು 30 ಇಂಚು. ಸ್ಟೂಲು ಹಾಕಿ ಕೂರುವುದು ಅಲ್ಲೇ, ಅವರ ಹಿಂದೆ ಓಡಾಡುವುದೂ ಅಲ್ಲೇ! ಕೂತವರ ಹಿಂದೆ ಒಬ್ಬರು ಬಿಸಿ ಸಾರಿನ ಪಾತ್ರೆ ಹಿಡಿದು ಆರಾಮಾಗಿ ದಾಟಬೇಕಾದರೆ ಕಟ್ಟೆಯ ಅಂಚಿನಿಂದ ಗೋಡೆಗೆ 44 ಇಂಚು ಬೇಕು. ಹದಿನಾಲ್ಕು ಇಂಚು ಕೊರತೆ.

ಇನ್ನು ಉದ್ದದ ಲೆಕ್ಕ. ಪಕ್ಕದವರ ಮೊಳಕೈ ತಾಗದಂತೆ ಊಟ ಮಾಡಲು ಒಬ್ಬರಿಗೆ ಎರಡಡಿ ಬೇಕು. ಎಂಟಡಿಗೆ ನಾಲ್ಕು ಜನ. ಮೊಮ್ಮಗಳು ನಾಲ್ಕು ಸೊನ್ನೆ ಸುತ್ತಿ, ಒಂದೊಂದರಲ್ಲೂ ಹೆಸರು ಬರೆದಳು: ಅಪ್ಪ, ಅಮ್ಮ, ತಮ್ಮ, ನಾನು. ಆಮೇಲೆ ಸೀಮೆಸುಣ್ಣ ಹಿಡಿದು ಹಾಗೇ ನಿಂತಳು.

“ತಾತ, ನೀನು ಮತ್ತೆ ಅಜ್ಜಿ ಎಲ್ಲಿ ಕೂರೋದು?”

ಹಪ್ಪಳ ತಿರುವಿ ಹಾಕಲು ಬಂದಿದ್ದ ನಮ್ಮಾಕೆ ಅದನ್ನು ಕೇಳಿಸಿಕೊಂಡಳು. “ನಂದೇನಮ್ಮ, ನಿಮ್ಮೆಲ್ಲರದೂ ಆದಮೇಲೆ ನಾನು ಎಲ್ಲೋ ಒಂದು ಕಡೆ ಕೂತು ತಿಂತೀನಿ. ಆ ಸ್ಟೂಲು ಹತ್ತೋಕೆ ನನ್ನ ಮಂಡಿ ಎಲ್ಲಿ ಕೇಳುತ್ತೆ?” ಎಂದಳು. ಬೇಸರದಿಂದ ಹೇಳಿದ್ದಲ್ಲ. ನಾಳೆ ಹಾಲು ಒಂದು ಲೀಟರ್ ಸಾಕು ಎನ್ನುವಷ್ಟೇ ಸಹಜವಾಗಿ ಹೇಳಿದಳು. ನನಗೆ ಚುಚ್ಚಿದ್ದು ಆ ಸಹಜತೆಯೇ.

ಸಾಮಾನ್ಯ ಕುರ್ಚಿಯ ಎತ್ತರ ಸುಮಾರು 18 ಇಂಚು. 36 ಇಂಚಿನ ಕಟ್ಟೆಗೆ ಹಾಕುವ ಸ್ಟೂಲು 24ರಿಂದ 26 ಇಂಚು. ಆರೆಂಟು ಇಂಚು ಹೆಚ್ಚು ಎಂದರೆ ಮಕ್ಕಳಿಗೆ ಆಟ, ಮಂಡಿನೋವಿನವರಿಗೆ ಬೆಟ್ಟ.

ಅಳತೆ ಶುರು ಮಾಡಿದ ಮೇಲೆ ಎಲ್ಲವನ್ನೂ ಅಳೆಯಬೇಕು ಎನಿಸಿತು. ಅಡುಗೆ ಕಟ್ಟೆಯ ಎತ್ತರಕ್ಕೆ ಒಂದು ಸುಲಭದ ಲೆಕ್ಕವಿದೆ. ನೇರವಾಗಿ ನಿಂತು ಮೊಳಕೈ ಮಡಿಸಿ. ನೆಲದಿಂದ ಮೊಳಕೈಗೆ ಎಷ್ಟು ಇಂಚು ನೋಡಿ. ಅದರಲ್ಲಿ ನಾಲ್ಕರಿಂದ ಆರು ಇಂಚು ಕಳೆದರೆ ನಿಮ್ಮ ಕಟ್ಟೆಯ ಎತ್ತರ. ಸೊಸೆಗೆ 40 ಬಂತು, ಅವಳಿಗೆ 35 ಸರಿ. ನಮ್ಮಾಕೆಗೆ 36 ಬಂತು, ಅವಳಿಗೆ 31. ಆಗ ಹಳೆಯ ಕಟ್ಟೆಗೆ ಟೇಪು ಹಿಡಿದೆ. 34 ಇತ್ತು.

1986ರಲ್ಲಿ ಮೇಸ್ತ್ರಿ ತಮ್ಮ ಸೊಂಟಕ್ಕೆ ಕೈಯಿಟ್ಟು “ಇಷ್ಟು ಸಾಕಾ ಸಾರ್?” ಎಂದು ಕೇಳಿದ್ದರು. ಆರಡಿ ಆಳು ಅವರು. ನಾನು “ಸಾಕು” ಎಂದಿದ್ದೆ. ಅಡುಗೆ ಮಾಡುವವಳನ್ನು ಇಬ್ಬರೂ ಕೇಳಲಿಲ್ಲ.

ಅವಳು ಕಟ್ಟೆಯ ಮುಂದೆ ಒಂದು ಮರದ ಮಣೆ ಹಾಕಿಕೊಂಡು ನಿಲ್ಲುವುದನ್ನು ಮೂವತ್ತೆಂಟು ವರ್ಷ ನೋಡಿದ್ದೇನೆ. ಕಾಲಿಗೆ ತಣ್ಣಗಾಗದಿರಲಿ ಎಂದು ಇರಬೇಕು ಅಂದುಕೊಂಡಿದ್ದೆ. ಮಣೆಯನ್ನೂ ಅಳೆದೆ. ಸರಿಯಾಗಿ ಮೂರು ಇಂಚು. 34ರಲ್ಲಿ 3 ಕಳೆದರೆ 31. ಲೆಕ್ಕ ಪೈಸೆಗೆ ಪೈಸೆ ತಾಳೆ! ಬಿಕಾಂ ಓದಿದ ನನಗೆ ಹೊಳೆಯದ ಲೆಕ್ಕವನ್ನು ಅವಳು ಮನೆಗೆ ಬಂದ ವಾರವೇ ಮಾಡಿ ಮುಗಿಸಿದ್ದಳು. ಒಮ್ಮೆ ಅದೇ ಮಣೆಯಿಂದ ಜಾರಿ ಬಿದ್ದು ಅವಳ ಮಣಿಕಟ್ಟು ಉಳುಕಿತ್ತು. “ನೆಲ ನೋಡಿ ನಡೆಯಬಾರದಾ?” ಎಂದು ಗದರಿದ್ದೆ. ಆ ಬಾಕಿ ಈಗ ನನ್ನ ಖಾತೆಗೆ ಬಂತು.

ಸಂಜೆ ಮಗನನ್ನೂ ಸೊಸೆಯನ್ನೂ ತಾರಸಿಗೆ ಕರೆದು ನಾಲ್ಕು ಸೊನ್ನೆ ತೋರಿಸಿದೆವು. ಮಗ ಬಹಳ ಹೊತ್ತು ಮಾತಾಡಲಿಲ್ಲ. ಸೊಸೆಯೇ, “ಮಾವ, ದ್ವೀಪ ಚಿಕ್ಕದಾದರೂ ಪರವಾಗಿಲ್ಲ, ಆರು ಜನ ಒಟ್ಟಿಗೆ ಕೂರಬೇಕು” ಎಂದಳು. ಸೀಮೆಸುಣ್ಣ ಅಳಿಸಿ ಮತ್ತೆ ಬರೆದೆವು.

ಹೊಸ ಲೆಕ್ಕ ಹೀಗಾಯಿತು. ದ್ವೀಪ ಐದಡಿ ಉದ್ದ, ಎರಡಡಿ ಅಗಲ, ಎತ್ತರ 31 ಇಂಚು. ಅದು ಹೆಚ್ಚಲು, ನಾದಲು, ಲಟ್ಟಿಸಲು ಮಾತ್ರ. ಹಿಂದೆ ಓಡಾಡಲು 42 ಇಂಚು ಉಳಿಯಿತು. ಕೂರಲು, ದ್ವೀಪದ ತುದಿಗೆ ನಮ್ಮ ಹಳೆಯ ತೇಗದ ಮೇಜನ್ನೇ ಉದ್ದಕ್ಕೆ ಸೇರಿಸಿದೆವು. ಆರಡಿ ಉದ್ದ, ಆ ಕಡೆ ಮೂವರು, ಈ ಕಡೆ ಮೂವರು. ಎತ್ತರ 30, ಕುರ್ಚಿ 18. ಕುರ್ಚಿಗೂ ಮೇಜಿಗೂ ನಡುವೆ ಹತ್ತು ಹನ್ನೆರಡು ಇಂಚು ಇದ್ದರೆ ಊಟಕ್ಕೆ ಸರಿ. ಗೋಡೆ ಪಕ್ಕದಲ್ಲಿ ಒಲೆಯ ಭಾಗವನ್ನು 31ಕ್ಕೆ ಇಳಿಸಿ, ಸಿಂಕಿನ ಭಾಗವನ್ನು 35 ಮಾಡಿಸಿದೆವು. ಗ್ಯಾಸ್ ಒಲೆಯೇ ಕೆಲವು ಇಂಚು ಎತ್ತರ, ಆದ್ದರಿಂದ ಅದರ ಕಟ್ಟೆ ತಗ್ಗಿರಬೇಕು. ಸಿಂಕಿನ ತಳ ಆಳ, ಆದ್ದರಿಂದ ಅದರ ಕಟ್ಟೆ ಎತ್ತರವಿರಬೇಕು. ಇಲ್ಲದಿದ್ದರೆ ಪಾತ್ರೆ ತೊಳೆಯುವವರ ಬೆನ್ನು ಬಾಗುತ್ತದೆ. ನಮ್ಮಲ್ಲಿ ರಾತ್ರಿ ಪಾತ್ರೆ ತೊಳೆಯುವವನು ಮಗ, ಅವನಿಗೂ ಅನುಕೂಲ.

ಕಲ್ಲಿನ ವಿಚಾರ ಎರಡು ಮಾತು. ಅಮೃತಶಿಲೆ ನೋಡಲು ಚೆಂದ, ಆದರೆ ನಿಂಬೆ, ಹುಣಸೆ ಹುಳಿ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಮಕ್ಕಳೇ, ಸಮುದ್ರದ ದಂಡೆಯಿಂದ ತಂದ ಕಪ್ಪೆಚಿಪ್ಪಿನ ಮೇಲೆ ನಿಂಬೆರಸ ಹಾಕಿ ನೋಡಿ, ಸಣ್ಣ ಗುಳ್ಳೆ ಏಳುತ್ತದೆ. ಚಿಪ್ಪು, ಅಮೃತಶಿಲೆ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹಳೆಯ ಮನೆಗಳ ಕಡಪ ಕಲ್ಲೂ ಸುಣ್ಣಕಲ್ಲಿನ ಜಾತಿ. ಕ್ವಾರ್ಟ್ಜ್ ಹಲಗೆಯಲ್ಲಿ ಕಲ್ಲಿನ ಪುಡಿಯ ಜೊತೆ ರಾಳ ಇರುತ್ತದೆ, ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಡಬಾರದು. ಗ್ರಾನೈಟು ಹುಳಿಗೂ ಬಿಸಿಗೂ ಜಗ್ಗುವುದಿಲ್ಲ. ನಾವು ಅದನ್ನೇ ಹಾಕಿಸಿದೆವು. ಒಂದಡಿ ಕಲ್ಲನ್ನು ಹೊರಗೆ ಚಾಚಿಸಿ ಕೂರುವ ಜಾಗ ಮಾಡುವವರು ಕೆಳಗೆ ಕಬ್ಬಿಣದ ಬ್ರಾಕೆಟ್ ಹಾಕಿಸಲು ಮರೆಯಬೇಡಿ. ಮಕ್ಕಳು ಅದರ ಮೇಲೆ ಹತ್ತಿ ಕೂರದೆ ಇರುವುದಿಲ್ಲ.

ದ್ವೀಪಕ್ಕೆ 24 ಚದರಡಿ ಬೇಕಿದ್ದ ಗ್ರಾನೈಟು ಹತ್ತಕ್ಕೆ ಮುಗಿಯಿತು. ನಾಲ್ಕು ಸ್ಟೂಲಿನ ದುಡ್ಡೂ ಉಳಿಯಿತು.

ಈಗ ರಾತ್ರಿ ಎಂಟೂವರೆಗೆ ಆರೂ ಜನ ಒಟ್ಟಿಗೆ ಕೂರುತ್ತೇವೆ. ನಮ್ಮಾಕೆ ಮೊದಮೊದಲು “ನೀವು ಶುರು ಮಾಡಿ” ಎಂದು ಎದ್ದೆದ್ದು ಹೋಗುತ್ತಿದ್ದಳು. ಅಜ್ಜಿ ಕೂರದೆ ತುತ್ತು ಎತ್ತಬಾರದು ಎಂದು ಮೊಮ್ಮಗಳು ಕಾನೂನು ಮಾಡಿದ ಮೇಲೆ ಕೂರುತ್ತಾಳೆ.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಟೇಪು ತಂದು ನಿಮ್ಮ ಅಮ್ಮನ, ಅಜ್ಜಿಯ ಮೊಳಕೈ ಅಳೆಯಿರಿ, ಆಮೇಲೆ ಕಟ್ಟೆ ಅಳೆಯಿರಿ. ಲೆಕ್ಕ ತಾಳೆಯಾಗದಿದ್ದರೆ ಮನೆಯ ದೊಡ್ಡವರಿಗೆ ತೋರಿಸಿ. ಅಜ್ಜಂದಿರೇ, ನೀವೂ ಜೊತೆಗೆ ನಿಲ್ಲಿ.

ಆ ಮಣೆಯನ್ನು ಎಸೆಯಲಿಲ್ಲ. ಮೇಜಿನ ಕೆಳಗಿದೆ. ಮೊಮ್ಮಗನ ಕಾಲು ಇನ್ನೂ ನೆಲಕ್ಕೆ ಎಟುಕುವುದಿಲ್ಲ, ಅವನು ಅದರ ಮೇಲೆ ಕಾಲಿಟ್ಟುಕೊಂಡು ಊಟ ಮಾಡುತ್ತಾನೆ.