ನಡುಮನೆಗೆ ಹೋದ ಹಾಸಿಗೆ



ಹೋದ ತಿಂಗಳು ನನ್ನ ಕೈಸೇರಿದ ಪತ್ರಗಳ ಪೈಕಿ ಒಂದರಲ್ಲಿ ಊರಿನ ಹೆಸರೂ ಇರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ಅಕ್ಷರ ಮಾತ್ರ ಗುಂಡಗೆ, ಅಚ್ಚುಕಟ್ಟಾಗಿತ್ತು. “ನನಗೆ ನಲವತ್ತಾರು ವರ್ಷ. ಒಂದು ವರ್ಷದ ಹಿಂದೆ ಕ್ಯಾನ್ಸರ್ ರೋಗಕ್ಕಾಗಿ ನನ್ನ ಎಡದ ಸ್ತನವನ್ನು ತೆಗೆದರು. ನಮ್ಮ ಯಜಮಾನರು ಬಹಳ ಒಳ್ಳೆಯವರು. ಒಂದು ದಿನವೂ ತಪ್ಪದೆ ಆಸ್ಪತ್ರೆಗೆ ಕರೆದೊಯ್ದರು. ಬೆಳಗಾಗೆದ್ದು ಗಂಜಿ ಕಾಯಿಸಿಕೊಟ್ಟರು. ಸಾಲದ ಮಾತು ನನ್ನ ಕಿವಿಗೆ ಬೀಳದಂತೆ ನೋಡಿಕೊಂಡರು. ಆದರೆ ಆಸ್ಪತ್ರೆಯಿಂದ ಬಂದ ರಾತ್ರಿ ನಡುಮನೆಗೆ ಹೋದ ಅವರ ಹಾಸಿಗೆ ಇನ್ನೂ ಅಲ್ಲಿಯೇ ಇದೆ. ಇದನ್ನು ನಾನು ಯಾರನ್ನು ಕೇಳಲಿ?”

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆಯುವುದು ಉಚಿತವೆ ಎಂದು ಎರಡು ದಿನ ಯೋಚಿಸಿದೆ. ಆ ಸೋದರಿಯೂ ಹೀಗೆಯೇ ಯೋಚಿಸಿ ಯೋಚಿಸಿ ಒಂದು ವರ್ಷ ಕಳೆದಿರುವರಲ್ಲ ಎಂದು ಹೊಳೆದ ಮೇಲೆ ಬರೆಯಲು ಕುಳಿತೆ.

ಹಿಂದೆ ನಮ್ಮ ಬೀದಿಯಲ್ಲಿ ಒಬ್ಬ ಮೇಷ್ಟರ ಸಂಸಾರವಿತ್ತು. ಅವರ ಮನೆಯಾಕೆಗೂ ಇದೇ ರೋಗ ಬಂದು ಇದೇ ಶಸ್ತ್ರಚಿಕಿತ್ಸೆಯಾಗಿತ್ತು. ಅಲ್ಲಿಯೂ ಹಾಸಿಗೆ ನಡುಮನೆಗೆ ಬಂದಿತ್ತು. ಆಕೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತಿದ್ದವರು ತಲೆಯೆತ್ತದೆಯೇ ಹೇಳಿದರು: “ನನ್ನನ್ನು ಕಂಡರೆ ಅವರಿಗೆ ಹೇಸಿಗೆ, ಅಕ್ಕ. ಒಳ್ಳೆಯವರು, ಬಾಯಿಬಿಟ್ಟು ಹೇಳಲಾರರು, ಅಷ್ಟೆ.” ಆಕೆ ದೀಪವಾರಿಸಿ ಸೀರೆ ಬದಲಾಯಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಸ್ನಾನದ ಮನೆಯ ಕನ್ನಡಿಯನ್ನು ತೆಗೆಸಿದ್ದರು.

ಮೇಷ್ಟರ ಮನಸ್ಸಿನಲ್ಲಿ ಏನಿತ್ತೆಂಬುದು ನನಗೆ ತಿಳಿದುಬಂದುದು ಬಹಳ ದಿನಗಳ ಮೇಲೆ, ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ. “ನಿದ್ದೆಗಣ್ಣಿನಲ್ಲಿ ನನ್ನ ಕೈ ಆ ಗಾಯದ ಮೇಲೆ ಬಿದ್ದುಬಿಟ್ಟರೆ ಏನು ಗತಿ ಎಂದು ಹೊರಗೆ ಮಲಗಿದೆ. ಗಾಯ ಮಾಯಿತು. ಆಮೇಲೆ ಒಳಕ್ಕೆ ಹೋಗಲು ಬಾಯಿ ಬರಲಿಲ್ಲ. ಸಾವಿನ ಬಾಯಿಂದ ಬಂದವಳನ್ನು ಕಾಡುವ ಪಶು ನಾನೆಂದು ಅವಳು ತಿಳಿದಾಳು ಎನ್ನಿಸಿತು” ಎಂದರು. ಒಬ್ಬರ ಕರುಣೆ ಇನ್ನೊಬ್ಬರ ಕಣ್ಣಿಗೆ ಹೇಸಿಗೆಯಾಗಿ ಕಂಡು ಎಂಟು ತಿಂಗಳು ಕಳೆದಿದ್ದವು. ರೋಗ ಮಾಡಿದ ಹಾನಿಯಲ್ಲ ಇದು. ಇಬ್ಬರೂ ಪ್ರೀತಿಯಿಂದಲೇ ಮಾಡಿಕೊಂಡ ಹಾನಿ.

ಅದು ಮುಗಿದ ಬಗೆ ವಿಚಿತ್ರವಾದುದು. ಕಂಕುಳಿನ ಗ್ರಂಥಿಗಳನ್ನು ತೆಗೆದವರಲ್ಲಿ ಕೆಲವರಿಗೆ ತಿಂಗಳುಗಳ ಮೇಲೆ, ಒಮ್ಮೊಮ್ಮೆ ವರ್ಷಗಳ ಮೇಲೆ, ಆ ಕಡೆಯ ತೋಳು ಊದಿಕೊಳ್ಳುವುದುಂಟು. ದುಗ್ಧರಸ ಹರಿಯುವ ದಾರಿ ಕಟ್ಟುವುದೇ ಇದಕ್ಕೆ ಕಾರಣ. ಆಕೆಗೂ ಹಾಗಾಯಿತು. ಆಸ್ಪತ್ರೆಯ ಫಿಸಿಯೋಥೆರಪಿಯ ಹುಡುಗಿ ಬಿಗಿಯಾದ ತೋಳುಚೀಲವನ್ನು ಕೊಟ್ಟು, ದಿನವೂ ತೋಳನ್ನು ಸವರಬೇಕೆಂದು ಹೇಳಿ, ಅದರ ಕ್ರಮವನ್ನು ಮೇಷ್ಟರಿಗೆ ಕಲಿಸಿದಳು. ತಿಕ್ಕಬಾರದು, ಒತ್ತಬಾರದು, ಎಳೆಮಗುವಿನ ಮೈ ಸವರುವಷ್ಟು ಹಗುರವಾಗಿರಬೇಕು. ಮೊದಲ ರಾತ್ರಿ ಆಕೆ “ದೀಪ ಆರಿಸಿ ಅಂದ್ರೆ” ಎಂದರಂತೆ. “ಆರಿಸಿದರೆ ಊತ ಹೇಗೆ ಕಾಣುತ್ತೆ?” ಎಂದರಂತೆ ಮೇಷ್ಟರು. ದೀಪ ಉರಿಯಿತು. ಸೆರಗು ಸರಿಯಿತು. ಅವರು ಗಾಯದ ಗೆರೆಯನ್ನು ನೋಡಿ, “ಇಲ್ಲಿ ನೋವಿದೆಯೆ?” ಎಂದು ಕೇಳಿದರು. “ನೋವಿಲ್ಲ, ಮರಗಟ್ಟಿದೆ. ಮುಟ್ಟಿದರೂ ಗೊತ್ತಾಗುವುದಿಲ್ಲ.” “ಹಾಗಾದರೆ ಎಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ?”

ಇದನ್ನು ನನಗೆ ಹೇಳುವಾಗ ಆಕೆ ನಕ್ಕರು, ಕಣ್ಣನ್ನೂ ಒರೆಸಿಕೊಂಡರು. ಮುಂದಿನದನ್ನು ನಾನು ಕೇಳಲಿಲ್ಲ. ಕೆಲವು ವಾರಗಳ ಮೇಲೆ ಅವರ ಮನೆಗೆ ಹೋದಾಗ ನಡುಮನೆಯ ಕಿಟಕಿಯ ಕೆಳಗೆ ಸುತ್ತಿಡುತ್ತಿದ್ದ ಹಾಸಿಗೆ ಕಾಣಲಿಲ್ಲ.

ಈ ಮುಚ್ಚುಮರೆ ನಮ್ಮ ದೇಶದವರ ನಾಚಿಕೆಯಿಂದ ಮಾತ್ರ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ. ಫ್ಯಾನಿ ಬರ್ನಿ ಎಂಬ ಆಂಗ್ಲ ಕಾದಂಬರಿಕಾರ್ತಿಗೆ 1811ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಸ್ತನವನ್ನು ತೆಗೆದರು. ಪ್ರಜ್ಞೆ ತಪ್ಪಿಸುವ ಔಷಧಿಗಳು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆಕೆಯ ಸಂಕಟವನ್ನು ಗಂಡ ನೋಡಬಾರದೆಂದು, ಆ ಹೊತ್ತಿನಲ್ಲಿ ಆತ ಕಚೇರಿಯಲ್ಲಿಯೇ ಉಳಿಯುವಂತೆ ಆಕೆಯೇ ಏರ್ಪಾಡು ಮಾಡಿದ್ದಳು. ಅಕ್ಕನಿಗೆ ಆ ವೃತ್ತಾಂತವನ್ನು ಪತ್ರದಲ್ಲಿ ಬರೆದು ಮುಗಿಸಲು ಆಕೆಗೆ ತಿಂಗಳುಗಳು ಹಿಡಿದವು. ಆಮೇಲೆ ಆಕೆ ಬದುಕಿದ್ದು 1840ರವರೆಗೆ! ಆಕೆಯ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಆ ಏರ್ಪಾಡು ಮಾತ್ರ ನನ್ನ ಮನಸ್ಸಿಗೆ ಒಪ್ಪದು. ಹೆಂಡತಿಯ ನೋವಿನ ಹೊತ್ತಿನಲ್ಲಿ ಬಾಗಿಲಾಚೆ ನಿಲ್ಲುವ ಹಕ್ಕಾದರೂ ಗಂಡನಿಗೆ ಬೇಡವೆ?

ಮಾತಿನಿಂದ ಎಲ್ಲವೂ ಸರಿಹೋಗುವುದೆಂದು ಹೇಳುವುದೂ ಸರಿಯಲ್ಲ. ದೇಹದ ಪಾಲೂ ಇದೆ. ಸ್ತನದ ಕ್ಯಾನ್ಸರ್ ಮರುಕಳಿಸದಿರಲೆಂದು ಅನೇಕರಿಗೆ ಐದರಿಂದ ಹತ್ತು ವರ್ಷಗಳವರೆಗೆ ಟ್ಯಾಮಾಕ್ಸಿಫೆನ್, ಲೆಟ್ರಜೋಲ್ ಮುಂತಾದ ಗುಳಿಗೆಗಳನ್ನು ಕೊಡುವರು. ಇವುಗಳಿಂದ ಮೈ ಬಿಸಿಯೇರುವುದು, ನಿದ್ದೆಗೆಡುವುದು, ಒಳಾಂಗ ಒಣಗುವುದು, ಆಸೆಯೇ ಕುಂದುವುದು, ಇವೆಲ್ಲ ಉಂಟು. ಆಸೆ ಕುಂದಿತೆಂದರೆ ಪ್ರೀತಿ ಕುಂದಿತೆಂದು ಗಂಡ ತಿಳಿಯುವನು. ಗುಳಿಗೆಯ ಗುಣವೆಂದು ಅವನಿಗೆ ಹೇಳಿದವರಾರು? ಒಣಗುವುದಕ್ಕೆ ನೀರಿನಂಶದ ಲೇಪಗಳು ಔಷಧದ ಅಂಗಡಿಯಲ್ಲಿಯೇ ದೊರೆಯುತ್ತವೆ. ಹಾರ್ಮೋನು ಬೆರೆತ ಲೇಪವನ್ನು ಮಾತ್ರ ತಜ್ಞರನ್ನು ಕೇಳದೆ ಮುಟ್ಟಬಾರದು. ಗರ್ಭಕೊರಳಿನ ಕ್ಯಾನ್ಸರಿಗೆ ಕಿರಣಚಿಕಿತ್ಸೆ ಪಡೆದವರಲ್ಲಿ ಯೋನಿಮಾರ್ಗ ಕಿರಿದಾಗುವುದುಂಟು; ಅದನ್ನು ತಡೆಯಲು ಬಳಸುವ ಸಾಧನವಿದೆ, ಆಸ್ಪತ್ರೆಯ ದಾದಿಯರೇ ಕ್ರಮವನ್ನು ತೋರಿಸಿಕೊಡುವರು. ಕೀಮೋ ನಡೆಯುತ್ತಿರುವಾಗ ಗರ್ಭ ನಿಲ್ಲದಂತೆ ಎಚ್ಚರ ವಹಿಸುವುದು ಅತ್ಯವಶ್ಯ.

ಗಂಡಸರ ಕಷ್ಟವನ್ನು ಮರೆಯಬಾರದು. ಪ್ರಾಸ್ಟೇಟ್ ಗ್ರಂಥಿಯ ಪಕ್ಕದಲ್ಲಿಯೇ ಪುರುಷತ್ವಕ್ಕೆ ಸಂಬಂಧಿಸಿದ ನರಗಳು ಹಾದುಹೋಗುತ್ತವೆ. ಶಸ್ತ್ರಚಿಕಿತ್ಸೆಯ ಮೇಲೆ ಅವು ಚೇತರಿಸಿಕೊಳ್ಳಲು ಒಂದೆರಡು ವರ್ಷ ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಚೇತರಿಸಿಕೊಳ್ಳದೆಯೂ ಹೋಗಬಹುದು. ಇದಕ್ಕೆ ಗುಳಿಗೆಗಳೂ ಇತರ ಉಪಾಯಗಳೂ ಇವೆ. ಆದರೆ ಎದೆನೋವಿಗೆ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರು ಆ ಗುಳಿಗೆಯನ್ನು ನುಂಗಿದರೆ ಪ್ರಾಣಕ್ಕೇ ಅಪಾಯ. ಹೆಂಗಸರು ಅಳುವರು, ಗಂಡಸರು ಸಿಡುಕುವರು. ಸಿಡುಕನ್ನು ಕೋಪವೆಂದು ತಿಳಿದು ದೂರ ಸರಿದ ಹೆಂಡತಿಯರೆಷ್ಟು ಮಂದಿಯೋ!

ಇನ್ನು ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡುವ ಅತ್ತೆ ನಾದಿನಿಯರಿಗೆ ಒಂದು ಮಾತು. ಕ್ಯಾನ್ಸರ್ ಅಂಟುಜಾಡ್ಯವಲ್ಲ. ಹೊರಗಿನಿಂದ ಕಿರಣ ಹಾಯಿಸಿಕೊಂಡು ಬಂದವರ ಮೈಯಲ್ಲಿ ಯಾವ ಕಿರಣವೂ ಉಳಿದಿರುವುದಿಲ್ಲ. ಥೈರಾಯ್ಡ್ ರೋಗಕ್ಕೆ ವಿಕಿರಣದ ಅಯೋಡಿನ್ ಕೊಟ್ಟಾಗ ಕೆಲವು ದಿನ ದೂರವಿರಬೇಕೆಂದು ವೈದ್ಯರೇ ಹೇಳುವರು, ಅದು ಬೇರೆ.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ದಂಪತಿಗಳು ಒಟ್ಟಿಗೆ ಕುಳಿತು ವೈದ್ಯರನ್ನು ಕೇಳಬೇಕಾದುದೊಂದಿದೆ. ಗಡ್ಡೆಯನ್ನಷ್ಟೇ ತೆಗೆದು ಕಿರಣ ಕೊಟ್ಟರೂ ಆಯುಸ್ಸು ಅಷ್ಟೇ ಇರುವುದೆಂದು, ತಕ್ಕ ರೋಗಿಗಳ ಮಟ್ಟಿಗೆ, ಇಟಲಿಯ ವೆರೊನೇಸಿಯವರ ಪರೀಕ್ಷೆಯಿಂದ 1981ರಲ್ಲಿಯೂ ಅಮೆರಿಕದ ಫಿಷರ್ ಅವರದರಿಂದ 1985ರಲ್ಲಿಯೂ ತಿಳಿದುಬಂದಿತು. ರೋಗ ಬಲಿಯುವ ಮೊದಲೇ ಹೋದವರಿಗೆ ಈ ಆಯ್ಕೆ ಹೆಚ್ಚಾಗಿ ದೊರೆಯುವುದು. ಕೇಳದಿದ್ದವರಿಗೆ ಯಾರು ಹೇಳುವರು?

ಎಲ್ಲ ಗಂಡಂದಿರೂ ನಮ್ಮ ಮೇಷ್ಟರಂತಲ್ಲ. ರೋಗ ಬಂದ ಹೆಂಡತಿಯನ್ನು ತೌರಿಗೆ ಕಳುಹಿಸಿ ಮರೆತವರನ್ನೂ ನಾನು ಕಂಡಿದ್ದೇನೆ. ಅವರಿಗೆ ಹೇಳುವ ಮಾತು ನನ್ನಲ್ಲಿಲ್ಲ. ಮೊದಲಿನ ಸುಖವೇ ಮರಳಬೇಕೆಂಬ ನಿಯಮವೂ ಇಲ್ಲ. ಕೈಹಿಡಿದು ಮಲಗುವುದರಲ್ಲಿಯೇ ತೃಪ್ತರಾದ ದಂಪತಿಗಳುಂಟು. ಆದರೆ ಹಾಗೆಂದು ಇಬ್ಬರೂ ಕೂಡಿ ನಿಶ್ಚಯಿಸಿರಬೇಕು; ಒಬ್ಬರ ಪರವಾಗಿ ಇನ್ನೊಬ್ಬರು ಮನಸ್ಸಿನಲ್ಲಿಯೇ ತೀರ್ಮಾನಿಸಿಬಿಡಬಾರದು.

ಪತ್ರ ಬರೆದ ಸೋದರಿಯೇ, ನಿಮ್ಮ ಯಜಮಾನರು ಗಂಜಿ ಕಾಯಿಸಿಕೊಟ್ಟವರು. ಹೇಸಿದವರು ಹಾಗೆ ಮಾಡುವುದನ್ನು ನಾನು ಕಂಡಿಲ್ಲ. ಬಾಯಿಂದ ಹೇಳಲಾಗದಿದ್ದರೆ ಈ ಪುಟವನ್ನು ಮಡಿಸಿ ಅವರ ಕನ್ನಡಕದ ಕೆಳಗೆ ಇಡಿ. ರಾತ್ರಿ ಅವರ ದಿಂಬನ್ನು ಮಾತ್ರ ತಂದು ಒಳಗೆ ನಿಮ್ಮ ದಿಂಬಿನ ಪಕ್ಕದಲ್ಲಿರಿಸಿ. ದಿಂಬಿಲ್ಲದೆ ಅವರು ಎಷ್ಟು ಹೊತ್ತು ನಡುಮನೆಯಲ್ಲಿ ಕೂತಿದ್ದರೆಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸಿ. ಹೆಸರು ಹಾಕಬೇಕಾಗಿಲ್ಲ, ಅಕ್ಷರದ ಗುರುತು ನನಗಿದೆ.