ಒಟ್ಟಿಗೆ ಎರಡೋ, ಒಂದಾದ ಮೇಲೊಂದೋ?

ಪದವಿಯ ಫಲಿತಾಂಶ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲೂ ಮುಂದೇನು ಎಂಬ ಮಾತು ಏಳುತ್ತದೆ. ಮಗಳಿಗೆ ಸಮಾಜಕಾರ್ಯದಲ್ಲಿ ಆಸಕ್ತಿ, ಎಂ.ಎಸ್.ಡಬ್ಲ್ಯೂ. ಮಾಡುತ್ತೇನೆ ಎನ್ನುತ್ತಾಳೆ. “ಹೇಗೂ ಎರಡು ವರ್ಷ ಓದುತ್ತಾಳೆ, ಜೊತೆಗೇ ಇನ್ನೊಂದು ಪದವಿಯನ್ನೂ ಮುಗಿಸಲಿ, ಆಮೇಲೆ ಮದುವೆ ಮಾಡಿದರಾಯಿತು” ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಸರಿಯೇ?

ಏಕಕಾಲಕ್ಕೆ ಎರಡು ಪದವಿ ಓದಲು ಯು.ಜಿ.ಸಿ. 2022ರ ಏಪ್ರಿಲ್‌ನಲ್ಲಿ ಅವಕಾಶ ಕೊಟ್ಟಿತು. ಎರಡೂ ರೆಗ್ಯುಲರ್ ಆಗಿದ್ದರೆ ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣವೂ ಆಗಬಹುದು. ಆದರೆ ಆ ದೂರಶಿಕ್ಷಣಕ್ಕೆ ಮಾನ್ಯತೆ ಇರಬೇಕು. ಇದನ್ನು ಹೇಗೆ ಜಾರಿಗೆ ತರಬೇಕೆಂಬುದು ಆಯಾ ವಿಶ್ವವಿದ್ಯಾನಿಲಯಕ್ಕೆ ಬಿಟ್ಟದ್ದು. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಎರಡೂ ಕಡೆ ವಿಚಾರಿಸಿ.

ನಿಯಮ ಒಪ್ಪಿದರೂ ಎಲ್ಲ ಜೋಡಿಯೂ ಹೊಂದುವುದಿಲ್ಲ. ಎಂ.ಎಸ್.ಡಬ್ಲ್ಯೂ. ಪುಸ್ತಕ ಓದಿ ಪರೀಕ್ಷೆ ಬರೆಯುವ ಕೋರ್ಸಲ್ಲ. ಕ್ಷೇತ್ರಕಾರ್ಯವೇ ಅದರ ಜೀವಾಳ. ವಿದ್ಯಾರ್ಥಿನಿ ಆಸ್ಪತ್ರೆ, ಶಾಲೆ, ಹಳ್ಳಿಗಳಿಗೆ ಹೋಗಿ ಜನರೊಡನೆ ಕೆಲಸ ಮಾಡಬೇಕು, ವರದಿ ಬರೆಯಬೇಕು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗಿಗೆ ಇದೊಂದೇ ಸಾಕಷ್ಟು ಹೊರೆ.

ಎರಡನೆಯ ಪದವಿ ಯಾವುದೆಂಬುದೂ ಮುಖ್ಯ. ಕಾನೂನು ಓದುವ ಆಸೆಯಿದ್ದರೆ ಕಾಯಬೇಕು. ಕಾನೂನು ಪದವಿಯ ಜೊತೆ ಇನ್ನೊಂದು ರೆಗ್ಯುಲರ್ ಪದವಿ ಮಾಡಲು ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಬಿಡುವುದಿಲ್ಲ. ಎಂ.ಎಸ್.ಡಬ್ಲ್ಯೂ. ಮುಗಿಸಿ ಮೂರು ವರ್ಷದ ಎಲ್.ಎಲ್.ಬಿ. ಸೇರಬಹುದು. ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಓದೋಣವೆಂದರೆ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯು.ಜಿ.ಸಿ. ಅದನ್ನು ನಿಲ್ಲಿಸಿದೆ. ಮಾನಸಿಕ ರೋಗಿಗಳ ಸೇವೆಯೇ ಗುರಿಯಾಗಿದ್ದರೆ ಇನ್ನೊಂದು ಮಾತು ತಿಳಿದಿರಲಿ: ಎಂ.ಎಸ್.ಡಬ್ಲ್ಯೂ. ಮೇಲೆ ಎರಡು ವರ್ಷದ ಎಂ.ಫಿಲ್. ತರಬೇತಿ ಪಡೆದವರನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರೆಂದು ಗುರುತಿಸುತ್ತದೆ. ಅದರ ಬದಲಿಗೆ ಮತ್ತೊಂದು ಎಂ.ಎ. ಇದ್ದರೆ ಸಾಲದು.

ಜೊತೆಯಲ್ಲೇ ಓದಬೇಕೆಂಬ ಹಂಬಲವಿದ್ದರೆ ಸಮಾಜಶಾಸ್ತ್ರದಂತಹ ವಿಷಯವನ್ನು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ತೆಗೆದುಕೊಳ್ಳಬಹುದು. ಅದೂ ಮೊದಲ ಸೆಮಿಸ್ಟರ್‌ನ ಭಾರ ಎಷ್ಟೆಂದು ನೋಡಿಕೊಂಡ ಮೇಲೆ. ಉಳಿದವರಿಗೆ ಒಂದಾದ ಮೇಲೊಂದೇ ಕ್ಷೇಮ.

ತಾಯಂದಿರು ಇನ್ನೊಂದನ್ನು ಯೋಚಿಸಬೇಕು. ನಮ್ಮಲ್ಲಿ ಸಂಬಂಧ ಕೂಡಿಬಂದಾಗ ಹುಡುಗಿಯ ಓದು ನಡುವೆ ನಿಲ್ಲುವುದುಂಟು. ಆಗ ಮುಗಿದ ಒಂದು ಪದವಿ ಕೈಯಲ್ಲಿದ್ದರೆ ಮುಂದೆ ಎಂದಾದರೂ ಅದು ಕೆಲಸಕ್ಕೆ ಬರುತ್ತದೆ. ಎರಡು ಅರ್ಧಗಳಿಗೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಆದ್ದರಿಂದ ಸಂಬಂಧದ ಮಾತುಕತೆಯ ಹಂತದಲ್ಲೇ “ಮಗಳು ಓದು ಮುಗಿಸುತ್ತಾಳೆ” ಎಂದು ಗಂಡಿನ ಕಡೆಯವರಿಗೆ ಸ್ಪಷ್ಟವಾಗಿ ಹೇಳಿಬಿಡಿ.

ಅದಕ್ಕೂ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: “ನೀನು ಯಾರ ನಡುವೆ ಕೆಲಸ ಮಾಡಬೇಕೆಂದಿದ್ದೀಯಮ್ಮಾ? ಮಕ್ಕಳ ನಡುವೆಯೋ, ರೋಗಿಗಳ ನಡುವೆಯೋ, ನೊಂದ ಹೆಂಗಸರ ನಡುವೆಯೋ?” ಎರಡನೆಯ ಪದವಿ ಬೇಕೇ, ಬೇಕಾದರೆ ಯಾವುದು ಎಂಬುದು ಅವಳ ಆ ಉತ್ತರದಿಂದಲೇ ತೀರ್ಮಾನವಾಗಲಿ.