ದುಬೈಗೆ ಹೋದವರೆಲ್ಲ ಸಾಹುಕಾರರಲ್ಲ

‘ದುಬೈಗೆ ಹೋದವನಿಗೆ ಇಲ್ಲಿನ ಇನ್‌ಕಮ್ ಟ್ಯಾಕ್ಸ್ ಯಾಕೆ?’ ಭಟ್ಕಳ, ಕುಂದಾಪುರ, ಬಂಟ್ವಾಳದ ಕಡೆ ಕೇಳುವ ಮಾತಿದು. ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆ ದುಡಿಯುವವರ ಹಣ ಹೋಗುತ್ತಿದೆ.

ಕೆಲಸಕ್ಕೆಂದು ಹೊರದೇಶಕ್ಕೆ ಹೋದ ಸಾಮಾನ್ಯ ಕಾರ್ಮಿಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ‘ಅನಿವಾಸಿ’. ಅಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಆದರೆ ಊರಿನ ಬಾಡಿಗೆ, ಎನ್‌ಆರ್‌ಒ ಖಾತೆಯ ಬಡ್ಡಿ ತೆರಿಗೆಯ ಲೆಕ್ಕಕ್ಕೆ ಬರುತ್ತವೆ.

ಅನ್ಯಾಯ ಇರುವುದು ಇಲ್ಲೇ. ಊರಲ್ಲಿರುವವರಿಗೆ ಠೇವಣಿ ಬಡ್ಡಿ ವರ್ಷಕ್ಕೆ 50,000 ದಾಟುವವರೆಗೆ ಬ್ಯಾಂಕ್ ಟಿಡಿಎಸ್ ಕಡಿಯುವುದಿಲ್ಲ. ಅನಿವಾಸಿಯ ಎನ್‌ಆರ್‌ಒ ಬಡ್ಡಿಗೆ ಮೊದಲ ರೂಪಾಯಿಯಿಂದಲೇ ಸೆಸ್ ಸೇರಿ ಶೇ. 31.2 ಕಡಿತ. 60,000 ಬಡ್ಡಿ ಬಂದರೆ 18,720 ಹೋಯಿತು. ‘ಕಡಿಯಬೇಡಿ’ ಎಂದು ಬ್ಯಾಂಕಿಗೆ ಬರೆದುಕೊಡುವ ಫಾರಂ ಕೂಡ ಅವರಿಗಿಲ್ಲ.

ಇಲ್ಲಿ ಬೇರೆ ಆದಾಯವಿಲ್ಲದಿದ್ದರೆ ಆ 60,000ಕ್ಕೆ ತೆರಿಗೆಯೇ ಇಲ್ಲ! ಆದರೂ ರಿಟರ್ನ್ ಹಾಕದಿದ್ದರೆ ಹಣ ವಾಪಸ್ ಬರುವುದಿಲ್ಲ.

ಹೊರದೇಶಕ್ಕೆ ಹೋದವರಿಂದ ಆಮೇಲೆ ವಸೂಲಿ ಕಷ್ಟ, ಅದಕ್ಕೇ ಮೊದಲೇ ಕಡಿತ ಎನ್ನುತ್ತಾರೆ. ಒಪ್ಪೋಣ. ಹಾಗಾದರೆ ಕಂಪನಿ ಮಾಲೀಕನಿಗೂ ಗಾರೆ ಕೆಲಸದವನಿಗೂ ಒಂದೇ ಕತ್ತರಿ ಯಾಕೆ? 50,000ದ ಮಿತಿ ಇವರಿಗೂ ಕೊಡಲಿ. ಖಾತೆ ಬದಲಿಸುವ ದಿನವೇ ಬ್ಯಾಂಕ್ ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಲಿ.

ಅಲ್ಲಿಯವರೆಗೆ ನಾವೇ ಎಚ್ಚರವಾಗಿರಬೇಕು. ಮನೆಯಲ್ಲಿ ಗಲ್ಫ್‌ನವರಿದ್ದರೆ ಇವತ್ತೇ ಪಾಸ್‌ಬುಕ್ ತೆಗೆದು ‘ಟಿಡಿಎಸ್’ ಎಂಬ ಸಾಲು ಹುಡುಕಿ. ಇದ್ದರೆ ರಿಟರ್ನ್ ಹಾಕಿಸಿ. ಅದು ನಿಮ್ಮದೇ ದುಡ್ಡು.